“ನನ್ನ ಪಾಪೂನೂ ಪಾಪಿನಾ?” ಅಂತ ಗೆಳತಿ ಕೇಳಿದರೆ ಏನು ಹೇಳುವುದು

ಮೊದಲು ನನ್ನ ಎಡವಟ್ಟು ಹೇಳಿಬಿಡುತ್ತೇನೆ. ಆಫೀಸಿನ ಹತ್ತಿರದ ದರ್ಶಿನಿಯಲ್ಲಿ ಬೈಟು ಕಾಫಿ ಹಿಡಿದು ನಿಂತಿದ್ದೆವು. ಗೆಳತಿ ಹೆರಿಗೆ ರಜೆ ಮುಗಿಸಿ ಆವತ್ತೇ ಕೆಲಸಕ್ಕೆ ಬಂದಿದ್ದಳು. ರಸ್ತೆಯಲ್ಲಿ ನಿಂತಿದ್ದ ಆಟೋ ಹಿಂದೆ “ಪಾಪದ ಸಂಬಳ ಮರಣ” ಅಂತ ಬರೆದಿತ್ತು. “ಏನೇ ಇದು, ಇದಕ್ಕೂ ಸಂಬಳಾನಾ?” ಅಂತ ನಕ್ಕಳು. ನಾನು ಹತ್ತು ವರ್ಷ ಸಂಡೇ ಸ್ಕೂಲ್ ಪಾಠ ಮಾಡಿದವಳು, ಬಿಡುತ್ತೀನಾ? ಮನುಷ್ಯರೆಲ್ಲ ಹುಟ್ಟುತ್ತಲೇ ಪಾಪಿಗಳು ಅಂತ ಶುರು ಹಚ್ಚಿಕೊಂಡೆ. ಅವಳು ಲೋಟ ಕಟ್ಟೆ ಮೇಲಿಟ್ಟು, ಮೊಬೈಲ್ ತೆಗೆದು, ಬೊಚ್ಚು ಬಾಯಿ ತೆರೆದು ನಗುತ್ತಿದ್ದ ಆರು ತಿಂಗಳ ಮಗುವಿನ ಫೋಟೊ ನನ್ನ ಮುಖಕ್ಕೇ ಹಿಡಿದಳು. “ಅಲ್ಲ ಕಣೇ, ನನ್ನ ಪಾಪೂನೂ ಪಾಪಿನಾ?”

ಉತ್ತರ ಬರಲಿಲ್ಲ. ಕಾಫಿ ಆರಿತು. ನೀವೂ ಕ್ರೈಸ್ತರಾಗಿದ್ದರೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ, ಹಾಗಾಗಿ ನಾನು ಆಮೇಲೆ ಕಲಿತದ್ದನ್ನು ಬರೆದಿಡುತ್ತಿದ್ದೇನೆ.

ಬಾಯಿ ತೆರೆಯುವ ಮೊದಲು ಪದದ ಕಡೆ ಸ್ವಲ್ಪ ಗಮನ ಕೊಡಿ. ಕನ್ನಡದಲ್ಲಿ ‘ಪಾಪ’ಕ್ಕೆ ಆಗಲೇ ಕೈತುಂಬ ಕೆಲಸ ಇದೆ. ಬಸ್ಸು ತಪ್ಪಿದವರನ್ನು ಕಂಡು “ಅಯ್ಯೋ ಪಾಪ” ಅಂದರೆ ಅದು ಕನಿಕರ. ತೊಟ್ಟಿಲಲ್ಲಿರುವುದು ಪಾಪು. ಇನ್ನು ಪಾಪ-ಪುಣ್ಯ ಅಂದರೆ ಜಮಾ-ಖರ್ಚಿನ ಪುಸ್ತಕ. ನೀವು ಪಾಪ ಅಂದ ಕೂಡಲೇ ಎದುರಿನವರ ತಲೆಯಲ್ಲಿ ಆ ಪುಸ್ತಕ ತೆರೆದುಕೊಳ್ಳುತ್ತದೆ, ನಾನು ಯಾರಿಗೆ ಏನು ಮಾಡಿದೆ ಅಂತ ಲೆಕ್ಕ ಹಾಕತೊಡಗುತ್ತಾರೆ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಪಾಪಕ್ಕಿರುವ ಗ್ರೀಕ್ ಪದ ‘ಹಮಾರ್ತಿಯ’. ಗುರಿ ತಪ್ಪುವುದು ಅನ್ನುವುದು ಅದರ ಮೂಲದ ಅರ್ಥ. ಮಾಡಿದ ಒಂದೊಂದು ತಪ್ಪೂ ಅದರೊಳಗೆ ಬರುತ್ತದೆ ನಿಜ, ಆದರೆ ಅದರಲ್ಲಿನ ಹಲವು ಪತ್ರಗಳನ್ನು ಬರೆದ ಪೌಲ ಜಾಸ್ತಿ ಮಾತಾಡುವುದು ಆ ತಪ್ಪುಗಳ ಹಿಂದಿರುವ ಸ್ಥಿತಿಯ ಬಗ್ಗೆ, ದೇವರ ಕಡೆಯಿಂದ ಮುಖ ತಿರುಗಿಸಿಕೊಂಡಿರುವುದರ ಬಗ್ಗೆ. ಅಂದಹಾಗೆ ಆಟೋ ಮೇಲಿನ ‘ಸಂಬಳ’ ತಮಾಷೆಯ ಅನುವಾದವೇನಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದಲ್ಲಿ ಪೌಲ ಬಳಸಿದ್ದು ಸಿಪಾಯಿಗಳಿಗೆ ಕೊಡುವ ಕೂಲಿಯ ಪದವನ್ನೇ.

ಶುರು ಮಾಡುವುದಾದರೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 1ನೇ ಅಧ್ಯಾಯದಿಂದ ಮಾಡಿ, 3ರಿಂದ ಬೇಡ. ನಾನು ಎಡವಿದ್ದೇ ಅಲ್ಲಿ. ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿದ, ಮಾಡಿದ್ದನ್ನೆಲ್ಲ ನೋಡಿ ಬಹಳ ಒಳ್ಳೆಯದು ಅಂದುಕೊಂಡ. ಫೋಟೊದ ಮಗುವಿನ ಬಗ್ಗೆ ಬೈಬಲ್ ಹೇಳುವ ಮೊದಲ ಮಾತು ಅದು. ಅದನ್ನು ಹೇಳಿ, ಒಂದು ಗುಟುಕು ಕಾಫಿ ಕುಡಿದು, ಆಮೇಲೆ 3ಕ್ಕೆ ಹೋಗಿ. ಅಲ್ಲಿ ದೇವರು ತಿನ್ನಬೇಡ ಅಂದಿದ್ದ ಹಣ್ಣಿಗಿಂತ ಆಮೇಲಿನ ಮಾತುಕತೆ ನೋಡಿ: ತಿಂದೆಯಾ ಅಂತ ದೇವರು ಕೇಳಿದರೆ ಆದಾಮ ಹೆಂಡತಿ ಕಡೆ ಕೈ ತೋರಿಸುತ್ತಾನೆ, ‘ನೀನೇ ಕೊಟ್ಟ ಹೆಂಗಸು’ ಅಂತ ದೇವರ ಮೇಲೂ ಸ್ವಲ್ಪ ಹಾಕುತ್ತಾನೆ, ಹೆಂಡತಿ ಹಾವಿನ ಕಡೆ ತೋರಿಸುತ್ತಾಳೆ. ಸೋಮವಾರದ ಮೀಟಿಂಗ್‌ನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಪಾಪು ವಿಷಯ. ಇಲ್ಲಿ ಕ್ರೈಸ್ತ ಸಭೆಗಳೆಲ್ಲ, ಅಂದರೆ ಬೇರೆ ಬೇರೆ ಪಂಗಡದ ಚರ್ಚುಗಳೆಲ್ಲ, ಒಂದೇ ಮಾತು ಹೇಳುವುದಿಲ್ಲ, ಅದನ್ನು ಮುಚ್ಚಿಡಬೇಡಿ. ದೇವಶಾಸ್ತ್ರಜ್ಞ ಅಗಸ್ಟೀನ (354–430) ಆದಾಮನ ಅಪರಾಧವೇ ವಂಶಪೂರ್ತಿ ಹರಿದುಬಂದಿದೆ ಅಂದ, ಪಶ್ಚಿಮದ ಸಭೆಗಳ ಮೇಲೆ ಆ ಮಾತಿನ ಪ್ರಭಾವ ದೊಡ್ಡದು. ಪೂರ್ವದ ಆರ್ಥೊಡಾಕ್ಸ್ ಸಭೆಗಳವರು, ನಮಗೆ ಬಂದಿರುವುದು ಸಾವು ಮತ್ತು ಕೆಡುವ ಸ್ವಭಾವ, ಅವನ ಅಪರಾಧ ಅವನದೇ ಅನ್ನುತ್ತಾರೆ. ಕ್ಯಾಥೊಲಿಕರ 1992ರ ಧರ್ಮೋಪದೇಶ ಗ್ರಂಥವೂ ಜನ್ಮಪಾಪ ಅನ್ನುವುದು ಮಗು ಮಾಡಿದ ತಪ್ಪಲ್ಲ, ಅದು ಹುಟ್ಟಿ ಬಂದ ಸ್ಥಿತಿ ಅಂತಲೇ ಹೇಳುತ್ತದೆ.

ನಾನು ಬಳಸುವುದು ಬೆಂಗಳೂರಿನ ಬೆಳ್ಳಂದೂರು ಕೆರೆಯ ಹೋಲಿಕೆ. 2017ರಲ್ಲಿ ಕೊಳಚೆ ತುಂಬಿದ್ದ ಆ ಕೆರೆಗೆ ಬೆಂಕಿ ಹತ್ತಿತ್ತು, ನೆನಪಿದೆ ಅಲ್ವಾ? ಇವತ್ತು ಅದರ ದಂಡೆಯ ಫ್ಲಾಟಿನಲ್ಲಿ ಹುಟ್ಟುವ ಮಗು ಅದಕ್ಕೆ ಒಂದು ಚೊಂಬು ಕೊಳಕು ನೀರೂ ಸುರಿದಿಲ್ಲ. ಆದರೂ ಉಸಿರಾಡುವುದು ಅದೇ ಗಾಳಿ. ಅದರ ಕುಲಾವಿ, ಲಂಗೋಟಿ ಒಗೆದ ಸೋಪಿನ ನೊರೆ ಮೋರಿ ಹಿಡಿದರೆ ಹೋಗುವುದೂ ಅಲ್ಲಿಗೇ. ಬೇಕು ಅಂತ ಯಾರೂ ಮಾಡಿದ್ದಲ್ಲ, ಆದರೂ ಎಲ್ಲರ ಪಾಲೂ ಇದೆ. ಹೋಲಿಕೆ ಒಂದು ಕಡೆ ಕೈಕೊಡುತ್ತದೆ ಅನ್ನಿ: ಕೆರೆಯನ್ನು ನಾವೇ ಮನಸ್ಸು ಮಾಡಿದರೆ ತೊಳೆಯಬಹುದು, ಮನುಷ್ಯ ತನ್ನನ್ನು ತಾನೇ ತೊಳೆದುಕೊಳ್ಳಲಾರ ಅನ್ನುವುದು ಕ್ರೈಸ್ತ ಬೋಧನೆ.

ಹಾಗಾದರೆ ದಾರಿ? ‘ರಕ್ಷಣೆ’ ಅಂತ ಶುರು ಮಾಡಬೇಡಿ, ಬೆಂಗಳೂರಿನವರಿಗೆ ಯುದ್ಧವಿಮಾನ ಮಾಡುವ ಎಚ್‌ಎಎಲ್ ನೆನಪಾಗುತ್ತದೆ. ‘ಮೋಕ್ಷ’ ಅಂದರೂ ಕಷ್ಟ, ಹುಟ್ಟುಸಾವಿನ ಸುತ್ತಿನಿಂದ ಬಿಡುಗಡೆ ಅನ್ನುವ ಅರ್ಥ ಅದಕ್ಕೆ ಆಗಲೇ ಇದೆ. ಸುಮ್ನೆ ಯೇಸು ಹೇಳಿದ, ಲೂಕನ ಸುವಾರ್ತೆಯ 15ನೇ ಅಧ್ಯಾಯದ ಕತೆ ಹೇಳಿ. ಆಸ್ತಿ ಪಾಲು ಕೇಳಿ ಊರು ಬಿಟ್ಟ ಕಿರಿಮಗ ಎಲ್ಲ ಕಳೆದುಕೊಂಡು ಹಂದಿ ಮೇಯಿಸುತ್ತಾ, ಅಪ್ಪನಿಗೆ ಹೇಳಲು ಮಾತು ಸಿದ್ಧಮಾಡಿಕೊಳ್ಳುತ್ತಾನೆ: ತಪ್ಪು ಮಾಡಿದೆ, ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯವನಾಗಿ ಇಟ್ಟುಕೋ. ಅಪ್ಪ ದೂರದಿಂದಲೇ ಕಂಡು ಓಡಿ ಬಂದು ತಬ್ಬಿಕೊಳ್ಳುತ್ತಾನೆ. ಮಗ ಉರುಹೊಡೆದದ್ದನ್ನು ಒಪ್ಪಿಸತೊಡಗುತ್ತಾನೆ, ಆದರೆ ಕೂಲಿಯ ಮಾತು ಬಾಯಿಂದ ಬರುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ಆಳುಗಳಿಗೆ ಬಟ್ಟೆ ತನ್ನಿ, ಉಂಗುರ ತನ್ನಿ ಅನ್ನುತ್ತಿರುತ್ತಾನೆ. 19ನೇ ವಚನವನ್ನೂ 21ನ್ನೂ ಪಕ್ಕಪಕ್ಕ ಇಟ್ಟು ಓದಿ, ಕಾಣುತ್ತದೆ. ಮಗ ದುಡಿದು ತೀರಿಸಲು ಬಂದಿದ್ದ, ಅಪ್ಪ ಲೆಕ್ಕಕ್ಕೇ ಕೂರಲಿಲ್ಲ. ಕೃಪೆ ಅಂದರೆ ಇದು.

ಶಿಲುಬೆಯನ್ನು ಬಿಟ್ಟು ಇಷ್ಟಕ್ಕೇ ನಿಲ್ಲಿಸಬೇಡಿ. ಯೇಸು ನಮಗಾಗಿ ಸತ್ತು ಎದ್ದ ಅನ್ನುವುದರಲ್ಲಿ ಸಭೆಗಳಿಗೆ ಭೇದವಿಲ್ಲ. ಅದರಿಂದ ನಮಗೆ ಬಿಡುಗಡೆ ಹೇಗೆ ಅನ್ನುವುದಕ್ಕೆ ಮಾತ್ರ ಹೋಲಿಕೆ ಹಲವು: ಬಿಡಿಸಿಕೊಳ್ಳಲು ಕೊಟ್ಟ ಒತ್ತೆಹಣ, ತೀರಿದ ಸಾಲ, ಸಾವಿನ ಮೇಲಿನ ಗೆಲುವು. ಒಂದನ್ನು ಆರಿಸಿ. ಎಲ್ಲ ಒಟ್ಟಿಗೆ ಸುರಿದರೆ ಚರ್ಚಿನ ಪ್ರಸಂಗವಾಗುತ್ತದೆ.

ಮುಂದಿನ ಪ್ರಶ್ನೆ ಗ್ಯಾರಂಟಿ: “ಹಾಗಾದರೆ ಏನು ಬೇಕಾದರೂ ಮಾಡಿ ಕ್ಷಮೆ ಕೇಳಿದರೆ ಆಯ್ತಾ?” ಪೌಲನೇ ಇದನ್ನು ಎತ್ತಿ, ಖಂಡಿತ ಇಲ್ಲ ಅಂದಿದ್ದಾನೆ. ಜಕ್ಕಾಯನ ಕತೆ ನೆನಪಿಸಿ. ಜನರನ್ನು ಸುಲಿದಿದ್ದ ಸುಂಕದವನು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅಂದ. ಆದರೆ ಯೇಸು ‘ನಿನ್ನ ಮನೆಗೆ ಬರುತ್ತೇನೆ’ ಅಂದದ್ದು ಅದಕ್ಕೂ ಮೊದಲು. ನಂಬಿಕೆ ಮೊದಲೋ ಒಳ್ಳೆಯ ಕೆಲಸ ಮೊದಲೋ ಅಂತ ನೂರಾರು ವರ್ಷ ಜಗಳವಾಡಿದ ಲೂಥರನ್ ಮತ್ತು ಕ್ಯಾಥೊಲಿಕ್ ಸಭೆಗಳೇ 1999ರಲ್ಲಿ ಕೃಪೆಯೇ ಮೊದಲು ಅಂತ ಒಟ್ಟಿಗೆ ಸಹಿ ಹಾಕಿವೆ.

ಹಾಗೆಯೇ “ನಾನು ನರಕಕ್ಕೆ ಹೋಗ್ತೀನಾ?” ಅಂದರೆ, ಆ ತೀರ್ಪು ನನ್ನದಲ್ಲ ಅನ್ನಿ. ಜಾರಿಕೊಳ್ಳುವ ಉತ್ತರ ಅನ್ನಿಸಿದರೂ ಪರವಾಗಿಲ್ಲ. ಕೇಳದೆ ಕೈಗೆ ಕರಪತ್ರ ತುರುಕಬೇಡಿ. ಓದಲು ಕೇಳಿದರೆ ಲೂಕ 15 ಕೊಡಿ, ರೋಮಾಪುರದ ಪತ್ರಿಕೆ ಆಮೇಲೆ.

ನನ್ನ ಗೆಳತಿ ಕೇಳಿದಳು, ಓದಿದಳು. ಎರಡು ವಾರದ ನಂತರ ಅದೇ ದರ್ಶಿನಿಯಲ್ಲಿ, ಮನೆಯಲ್ಲೇ ಇದ್ದು ದುಡಿದ ಹಿರಿಮಗನ ಬಗ್ಗೆ ಶುರು ಮಾಡಿದಳು. ತಮ್ಮನಿಗೆ ಔತಣ ಅಂತ ಸಿಟ್ಟಾಗಿ ಅವನು ಬಾಗಿಲ ಹೊರಗೇ ನಿಂತಿರುತ್ತಾನೆ, ಅಪ್ಪ ಅವನನ್ನೂ ಕರೆಯಲು ಹೊರಗೆ ಬರುತ್ತಾನೆ. “ಕೊನೆಗೆ ಒಳಗೆ ಹೋದನೇನೇ ಅವನು?” ಅಂದಳು. ಲೂಕ ಅದನ್ನು ಬರೆದಿಲ್ಲ.