ಚಿಮಣಿ ಹೊಗೆ ಎಳೆಯುತ್ತಿಲ್ಲವೇ? ಹಿಂದಿನ ಪೈಪು ಬಿಚ್ಚಿ ನೋಡಿ

ಒಣಮೆಣಸಿನಕಾಯಿ ಒಗ್ಗರಣೆಗೆ ಬೀಳುತ್ತಲೇ ಮಲಗುವ ಕೋಣೆಯಿಂದ ಕೆಮ್ಮು ಕೇಳಿಸಿದರೆ, ಚಿಮಣಿ ಹೊಗೆಯನ್ನು ಹೊರಗೆ ಕಳಿಸುತ್ತಿಲ್ಲ ಎಂದು ತಿಳಿಯಿರಿ. ಮೋಟಾರು ಜೋರಾಗಿ ಸದ್ದು ಮಾಡುತ್ತಿರಬಹುದು, ಫಿಲ್ಟರನ್ನು ಹೋದ ವಾರವಷ್ಟೇ ತೊಳೆದಿರಬಹುದು. ಆದರೂ ಹೊಗೆ ನಿಂತಲ್ಲೇ ಸುತ್ತುತ್ತಿದ್ದರೆ ತೊಂದರೆ ಇರುವುದು ಕಣ್ಣಿಗೆ ಬೀಳದ ಜಾಗದಲ್ಲಿ: ಚಿಮಣಿಯ ತಲೆಯಿಂದ ಗೋಡೆಯ ತೂತಿನವರೆಗೆ ಹೋಗುವ ಪೈಪಿನಲ್ಲಿ, ಇಲ್ಲವೇ ಹೊರಗೋಡೆಯ ಜಾಲರಿಯಲ್ಲಿ. ‘ಆಟೋ ಕ್ಲೀನ್’ ಗುಂಡಿ ಒತ್ತಿದರೆ ಎಲ್ಲವೂ ಶುಚಿಯಾಯಿತು ಎಂದುಕೊಳ್ಳುವವರು ಬಹಳ. ಆ ಗುಂಡಿ ಬ್ಲೋವರ್ (ಹೊಗೆ ಎಳೆಯುವ ಚಕ್ರ) ಸುತ್ತ ಅಂಟಿದ ಜಿಡ್ಡನ್ನು ಕಾಯಿಸಿ ಕೆಳಗಿನ ಬಟ್ಟಲಿಗೆ ಇಳಿಸುತ್ತದೆ, ಅಷ್ಟೇ. ಪೈಪಿನ ತಂಟೆಗೆ ಹೋಗುವುದಿಲ್ಲ.

ಡಕ್ಟನ್ನು, ಅಂದರೆ ಗಾಳಿ ಸಾಗಿಸುವ ಪೈಪನ್ನು, ಪದೇ ಪದೇ ತೊಳೆಸಬೇಕಿಲ್ಲ ಎಂದು ನೀವು ಓದಿರಬಹುದು. ಆ ಮಾತು ಬೇರೆ ಬಗೆಯ ಡಕ್ಟಿನದು. ಅಮೆರಿಕದ ಮನೆಗಳಲ್ಲಿ ಬಿಸಿ, ತಂಪು ಗಾಳಿಯನ್ನು ಕೋಣೆಕೋಣೆಗೂ ಹಂಚುವ ಡಕ್ಟುಗಳಿರುತ್ತವೆ. ಅವನ್ನು ವರ್ಷವರ್ಷವೂ ತೊಳೆಸಬೇಕಿಲ್ಲ. ಬೂಸ್ಟು, ಇಲಿ-ಹುಳ ಅಥವಾ ಅತಿಯಾದ ಧೂಳು ಕಂಡಾಗ ತೊಳೆಸಿದರೆ ಸಾಕು ಎಂಬುದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ನಿಲುವು. ನಮ್ಮ ಫ್ಲ್ಯಾಟುಗಳಲ್ಲಿ ಡಕ್ಟು ಎಂದು ಇರುವುದು ಸಾಮಾನ್ಯವಾಗಿ ಚಿಮಣಿಯದೊಂದೇ. ಇದಕ್ಕೆ ಆ ಮಾತು ಹೊಂದುವುದಿಲ್ಲ. ಇದರೊಳಗೆ ದಿನಕ್ಕೆ ಎರಡು ಮೂರು ಸಲ ಎಣ್ಣೆಯ ಹಬೆ ಹಾಯುತ್ತದೆ, ತಣ್ಣಗಾಗಿ ಪೈಪಿನ ಒಳಮೈಗೆ ಅಂಟುತ್ತದೆ, ಅದರ ಮೇಲೆ ಧೂಳು ಕೂರುತ್ತದೆ.

ಬಿಚ್ಚುವ ಮೊದಲು

ತೊಂದರೆ ಎಲ್ಲಿದೆ ಎಂದು ಹತ್ತು ನಿಮಿಷದಲ್ಲಿ ಪತ್ತೆ ಹಚ್ಚಬಹುದು. ಅಡುಗೆಮನೆಯ ಕಿಟಕಿ ಸ್ವಲ್ಪ ತೆರೆದು, ಚಿಮಣಿಯನ್ನು ಜೋರು ವೇಗಕ್ಕೆ ಹಾಕಿ, ದಿನಪತ್ರಿಕೆಯ ಕಾಲು ಹಾಳೆಯನ್ನು ಫಿಲ್ಟರಿಗೆ ಹಿಡಿದು ಕೈಬಿಡಿ. ಹಾಳೆ ಅಂಟಿಕೊಂಡು ನಿಲ್ಲಬೇಕು. ಬಿದ್ದರೆ ಚಿಮಣಿ ಆರಿಸಿ, ಫಿಲ್ಟರ್ ತೆಗೆದಿಟ್ಟು, ಚಿಮಣಿಯನ್ನು ಮತ್ತೆ ಹಾಕಿ, ಈ ಬಾರಿ ಹಾಳೆಯ ಬದಲು ಒಂದು ಊದುಬತ್ತಿಯನ್ನು ಒಂದಡಿ ಕೆಳಗೆ ಹಿಡಿಯಿರಿ. (ಫಿಲ್ಟರ್ ಇಲ್ಲದಾಗ ಹಾಳೆ ಸೀದಾ ಬ್ಲೋವರಿಗೆ ಹೋಗುತ್ತದೆ. ಕೈಯನ್ನೂ ದೂರವಿಡಿ.) ಹೊಗೆ ಸರ್ರನೆ ಮೇಲೆ ಹೋದರೆ ತಪ್ಪು ಫಿಲ್ಟರಿನದು. ಈಗಲೂ ಹೊಗೆ ಸೋಮಾರಿಯಂತೆ ಅಡ್ಡಡ್ಡ ಹರಿದರೆ ಮುಂದಿನ ದಾರಿ ಕಟ್ಟಿದೆ.

ಅದೇ ಊದುಬತ್ತಿಯನ್ನು ಪೈಪಿನ ಜೋಡಣೆಗಳ ಬಳಿ ಒಯ್ಯಿರಿ. ಬ್ಲೋವರ್ ದಾಟಿದ ಮೇಲೆ ಗಾಳಿ ಒತ್ತಡದಲ್ಲಿರುತ್ತದೆ. ಹಾಗಾಗಿ ಸೋರುವ ಕಡೆ ಹೊಗೆ ಪೈಪಿನಿಂದ ಆಚೆಗೆ ಚಿಮ್ಮುತ್ತದೆ. ಲಾಫ್ಟಿನೊಳಗೆ ಪೈಪು ಹಾದಿದ್ದರೆ ಅಲ್ಲಿಟ್ಟ ಪಾತ್ರೆಗಳ ಮೇಲೆ ಕಂದು ಅಂಟು ಕೂತಿದೆಯೇ ನೋಡಿ. ಅದೂ ಸಾಕ್ಷಿಯೇ.

ಬಿಚ್ಚುವ ಬಗೆ

ಬೇಕಾಗುವುದು ಇಷ್ಟು: ಸ್ಕ್ರೂಡ್ರೈವರ್, ಗಟ್ಟಿ ಏಣಿ, ದಪ್ಪ ಪ್ಲಾಸ್ಟಿಕ್ ಚೀಲ ಎರಡು, ಹಳೇ ಬನಿಯನ್ ಬಟ್ಟೆ, ರಬ್ಬರ್ ಕೈಗವಸು, ಎನ್-95 ಮಾಸ್ಕ್, ಉದ್ದ ಹಿಡಿಯ ಬ್ರಷ್, ಹೊಸ 6 ಇಂಚಿನ ಅಲ್ಯೂಮಿನಿಯಂ ಪೈಪು, ಎರಡು ಸ್ಟೀಲ್ ಕ್ಲ್ಯಾಂಪು, ಅಲ್ಯೂಮಿನಿಯಂ ಫಾಯಿಲ್ ಟೇಪು.

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಒಲೆಯ ಮೇಲೆ ಹಳೇ ಬೆಡ್‌ಶೀಟ್ ಹಾಸಿ. ಪೈಪನ್ನು ಮುಚ್ಚಿರುವ ಉದ್ದನೆಯ ಸ್ಟೀಲ್ ಹೊದಿಕೆಗೆ ಸಾಮಾನ್ಯವಾಗಿ ಮೇಲ್ಗಡೆ ಸ್ಕ್ರೂ ಇರುತ್ತದೆ; ಬಿಚ್ಚಿದರೆ ಹೊದಿಕೆ ಕೆಳಕ್ಕೆ ಜಾರುತ್ತದೆ, ಒಬ್ಬರು ಹಿಡಿದುಕೊಂಡಿರಲಿ. ಜೋಡಣೆಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಪೈಪಿನ ಕೆಳತುದಿಯನ್ನು ಕಳಚಿದ ಕೂಡಲೇ ಅದರ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ಹಳೇ ಎಣ್ಣೆ ಮಡಿಕೆಗಳಲ್ಲಿ ನಿಂತಿರುತ್ತದೆ, ಸ್ವಲ್ಪ ಓರೆಯಾದರೂ ತಲೆಯ ಮೇಲೆ ಸುರಿಯುತ್ತದೆ.

ಈಗ ಚಿಮಣಿಯ ಬಾಯಿಯೊಳಗೆ ಟಾರ್ಚ್ ಬಿಡಿ. ಬಹುತೇಕ ಚಿಮಣಿಗಳಲ್ಲಿ ಅರ್ಧಚಂದ್ರಾಕಾರದ ಎರಡು ತೆಳು ಪ್ಲಾಸ್ಟಿಕ್ ರೆಕ್ಕೆಗಳಿರುತ್ತವೆ. ಗಾಳಿ ಬಂದಾಗ ತೆರೆದು, ನಿಂತಾಗ ಮುಚ್ಚಿ, ಹೊರಗಿನ ಗಾಳಿ, ಜಿರಲೆ, ಶಾಫ್ಟಿನಲ್ಲಿ ಪಕ್ಕದ ಮನೆಯ ಮೀನಿನ ವಾಸನೆ ಒಳಗೆ ಬರದಂತೆ ತಡೆಯುವುದು ಅವುಗಳ ಕೆಲಸ. ಬೆರಳಿನಿಂದ ಎತ್ತಿ ಬಿಡಿ. ಸಲೀಸಾಗಿ ಮೇಲೆದ್ದು ‘ಟಪ್’ ಎಂದು ಬೀಳಬೇಕು. ಜೇನಿನಂತೆ ಗಟ್ಟಿಯಾದ ಜಿಡ್ಡು ರೆಕ್ಕೆಗಳು ತಿರುಗುವ ಕಡ್ಡಿಯ ಸುತ್ತ ಕೂತರೆ ಅವು ಅರ್ಧ ತೆರೆದು ನಿಲ್ಲುತ್ತವೆ. ಇಡೀ ಚಿಮಣಿ ‘ಕೆಟ್ಟಿದೆ’ ಎನಿಸುವುದು ಎಷ್ಟೋ ಬಾರಿ ಇದೊಂದೇ ಕಾರಣಕ್ಕೆ. ಬಿಸಿನೀರು, ಪಾತ್ರೆ ಸೋಪಿನಲ್ಲಿ ಅದ್ದಿದ ಬಟ್ಟೆಯಿಂದ ಕಡ್ಡಿಯನ್ನೂ ರೆಕ್ಕೆಯ ಅಂಚನ್ನೂ ಒರೆಸಿ. ನೀರು ಸುರಿಯಬೇಡಿ, ಕೆಳಗೇ ಮೋಟಾರಿದೆ.

ಪೈಪು: ತೊಳೆಯುವುದೋ, ಎಸೆಯುವುದೋ

ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾಗಿರುವ ತೆಳು ಅಲ್ಯೂಮಿನಿಯಂ ಪೈಪನ್ನು ತೊಳೆಯುವ ಗೋಜಿಗೆ ಹೋಗಬೇಡಿ. ಪ್ರತಿ ಮಡಿಕೆಯಲ್ಲೂ ಜಿಡ್ಡು ನಿಂತಿರುತ್ತದೆ, ಬ್ರಷ್ ತಾಗಿದರೆ ಹಾಳೆ ಹರಿಯುತ್ತದೆ. ದಿನವೂ ಕರಿದ ತಿಂಡಿ ಮಾಡುವ ಮನೆಯಲ್ಲಿ ಎರಡು ವರ್ಷಕ್ಕೊಮ್ಮೆ, ಉಳಿದೆಡೆ ಮೂರು ವರ್ಷಕ್ಕೊಮ್ಮೆ ಹೊಸದು ಹಾಕುವುದೇ ಲೇಸು. ಗಾಳಿಯ ಮಾತಿರಲಿ, ಜಿಡ್ಡು ತುಂಬಿದ ಪೈಪು ಬೆಂಕಿಗೆ ಮೇವು. ಬಾಣಲೆಗೆ ಹತ್ತಿದ ಜ್ವಾಲೆಯನ್ನು ಬ್ಲೋವರೇ ಮೇಲಕ್ಕೆಳೆದು ಪೈಪಿಗೆ ಮುಟ್ಟಿಸುತ್ತದೆ. ಹಾಗೇನಾದರೂ ಆದರೆ ಮೊದಲು ಚಿಮಣಿ ಆರಿಸಿ, ಗ್ಯಾಸ್ ಮುಚ್ಚಿ, ನೀರು ಎರಚಬೇಡಿ.

ಬಿಲ್ಡರ್ ಗೋಡೆಯಲ್ಲಿ ಹೂತಿಟ್ಟ ಪಿವಿಸಿ ತುಂಡನ್ನು ಮಾತ್ರ ಅಲ್ಲೇ ಶುಚಿ ಮಾಡಬೇಕು. ಹಳೇ ಪ್ಲಾಸ್ಟಿಕ್ ಸ್ಕೇಲಿನಿಂದ ದಪ್ಪ ಜಿಡ್ಡನ್ನು ಕೆರೆದು ಚೀಲಕ್ಕೆ ತುಂಬಿ. ಅರ್ಧ ಬಕೆಟ್ ಬಿಸಿನೀರಿಗೆ ಎರಡು ಚಮಚ ವಾಷಿಂಗ್ ಸೋಡಾ, ಸ್ವಲ್ಪ ಪಾತ್ರೆ ಸೋಪು ಕಲಸಿ, ಬಟ್ಟೆ ಹಿಂಡಿ ಬ್ರಷ್ಷಿಗೆ ಸುತ್ತಿ ಉಜ್ಜಿ. ಕುದಿಯುವ ನೀರು ಬೇಡ, ಪಿವಿಸಿ ಮೆತ್ತಗಾಗುತ್ತದೆ. ಸ್ಟೀಲಿನ ಬ್ಯಾಫಲ್ (ಬಾಗಿದ ಪಟ್ಟಿಗಳ) ಫಿಲ್ಟರುಗಳನ್ನೂ ಇದೇ ನೀರಿನಲ್ಲಿ ಅರ್ಧ ಗಂಟೆ ನೆನೆಸಬಹುದು. ಅಲ್ಯೂಮಿನಿಯಂ ಜಾಲರಿ ಫಿಲ್ಟರಿಗೆ ಸೋಡಾ ತಾಗಿದರೆ ಕಪ್ಪಾಗುತ್ತದೆ, ಅದಕ್ಕೆ ಸೋಪು ನೀರು ಮಾತ್ರ. ಕಾಸ್ಟಿಕ್ ಸೋಡಾವನ್ನಂತೂ ಅಲ್ಯೂಮಿನಿಯಂ ಹತ್ತಿರ ಸುಳಿಯಗೊಡಬೇಡಿ: ಲೋಹ ಕರಗುತ್ತದೆ, ನೀರು ಕುದಿಯುವಷ್ಟು ಬಿಸಿಯಾಗಬಹುದು, ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಹೊರಡುತ್ತದೆ. ಬ್ಲೀಚಿಗೆ ಟಾಯ್ಲೆಟ್ ಆಸಿಡ್ ಬೆರೆಸುವುದೂ ಅಷ್ಟೇ ಅಪಾಯ. ಅಲ್ಲಿ ಬರುವುದು ಕ್ಲೋರಿನ್ ವಿಷಾನಿಲ.

ಬ್ಲೋವರ್ ಚಕ್ರವನ್ನು ಬಿಚ್ಚಲು ಧೈರ್ಯವಿದ್ದರೆ ಒಂದು ಎಚ್ಚರಿಕೆ. ಅದರ ಎಲೆಗಳಿಗೆ ಸಣ್ಣ ಲೋಹದ ಕ್ಲಿಪ್ ಸಿಕ್ಕಿಸಿರುವುದು ಕಂಡೀತು. ಅದು ಕಸವಲ್ಲ, ಚಕ್ರದ ತೂಕ ಸರಿದೂಗಿಸಲು ಹಾಕಿದ್ದು. ಕಿತ್ತರೆ ಚಿಮಣಿ ಗಡಗಡ ನಡುಗುತ್ತದೆ. ನಟ್ಟು ಎಡಮರೆಯದಾಗಿರುವುದೂ (ಬಲಕ್ಕೆ ತಿರುಗಿಸಿದರೆ ಬಿಚ್ಚುವಂಥದ್ದು) ಉಂಟು, ಬಲವಂತ ಮಾಡುವ ಮೊದಲು ಎರಡೂ ಕಡೆಗೆ ತಿರುಗಿಸಿ ನೋಡಿ.

ಹೊರಗೋಡೆಯ ಬಾಯಿ

ಹೊರಗಿನ ಜಾಲರಿಯನ್ನು ಬಾಲ್ಕನಿ ಅಥವಾ ಯುಟಿಲಿಟಿಯಿಂದ ಕೈಗೆಟುಕಿದರೆ ಮಾತ್ರ ನೀವೇ ಮುಟ್ಟಿ. ಐದನೇ ಮಹಡಿಯ ಕಿಟಕಿಯಿಂದ ಬಗ್ಗುವ ಸಾಹಸ ಬೇಡ. ಸೊಳ್ಳೆ ಪರದೆಯ ಸಣ್ಣ ಜಾಲರಿ ಹಾಕಿದ್ದರೆ ಕಿತ್ತುಬಿಡಿ, ಜಿಡ್ಡು ಮತ್ತು ಧೂಳು ಸೇರಿ ಅದು ಕೆಲವೇ ತಿಂಗಳಲ್ಲಿ ಕಂಬಳಿಯಂತಾಗುತ್ತದೆ. ಪಾರಿವಾಳ ತಡೆಯಲು ಅರ್ಧ ಇಂಚು ಕಣ್ಣಿನ ತಂತಿ ಜಾಲರಿ ಸಾಕು.

ಪೈಪಿನ ಬಾಯಲ್ಲಿ ಪಾರಿವಾಳದ ಗೂಡಿದ್ದು ಮೊಟ್ಟೆ, ಮರಿ ಕಂಡರೆ ಅವು ಹಾರುವವರೆಗೆ ಚಿಮಣಿ ಹಾಕದೆ ಕಿಟಕಿ ತೆರೆದು ಅಡುಗೆ ಮಾಡಿ. ಬರೀ ಹಿಕ್ಕೆ, ಕಡ್ಡಿ ಇದ್ದರೆ ಒಣಗಿದ್ದನ್ನು ಗುಡಿಸಬೇಡಿ. ಆ ಪುಡಿ ಶ್ವಾಸಕೋಶಕ್ಕೆ ಹೋದರೆ ಸೋಂಕು, ಅಲರ್ಜಿಯ ಉರಿಯೂತ ಎರಡಕ್ಕೂ ದಾರಿ. ಸ್ಪ್ರೇ ಬಾಟಲಿಯಿಂದ ಚೆನ್ನಾಗಿ ನೆನೆಸಿ, ಮಾಸ್ಕ್ ಹಾಕಿಕೊಂಡು ತೆಗೆದು ಚೀಲಕ್ಕೆ ಹಾಕಿ ಕಟ್ಟಿ.

ಮತ್ತೆ ಜೋಡಿಸುವಾಗ

ಹೆಚ್ಚಿನ ತಪ್ಪು ನಡೆಯುವುದು ಇಲ್ಲಿ. ಹತ್ತಡಿಯ ಪೈಪು ತಂದು, ನಾಲ್ಕಡಿ ದೂರಕ್ಕೆ ಅದನ್ನೇ ಅದುಮಿ ತುರುಕುತ್ತಾರೆ. ಮಡಿಕೆಗಳು ಒತ್ತೊತ್ತಾಗಿ ಗಾಳಿ ತಡವರಿಸುತ್ತದೆ, ಎಣ್ಣೆ ಅಲ್ಲಲ್ಲೇ ನಿಲ್ಲುತ್ತದೆ. ಪೈಪನ್ನು ಪೂರ್ತಿ ಎಳೆದು, ಬೇಕಾದಷ್ಟೇ ಇಟ್ಟು ಉಳಿದದ್ದನ್ನು ಕತ್ತರಿಸಿ. ತಿರುವು ಎರಡಕ್ಕಿಂತ ಹೆಚ್ಚಾಗದಿರಲಿ, ಇದ್ದರೂ ಮೊಣಕೈಯಂತೆ ಮುರಿಯದೆ ಕಮಾನಿನಂತೆ ಬಾಗಲಿ. ಗೋಡೆಯಲ್ಲಿ ಹಾಯುವ ಭಾಗ ಹೊರಕ್ಕೆ ತುಸು ಇಳಿಜಾರಾಗಿರಲಿ, ಮಳೆನೀರು ಒಳಗೆ ಬರುವುದಿಲ್ಲ.

6 ಇಂಚಿನ ಬಾಯಿಗೆ ರೆಡ್ಯೂಸರ್ (ಬಾಯಿ ಕಿರಿದು ಮಾಡುವ ತುಂಡು) ಹಾಕಿ 4 ಇಂಚಿನ ಪೈಪು ಜೋಡಿಸಿದ್ದರೆ ಎಷ್ಟು ಶುಚಿ ಮಾಡಿದರೂ ಫಲ ಅಷ್ಟಕ್ಕಷ್ಟೇ. 6 ಇಂಚಿನ ವೃತ್ತದ ವಿಸ್ತೀರ್ಣ ಸುಮಾರು 28 ಚದರ ಇಂಚು, 4 ಇಂಚಿನದು ಹನ್ನೆರಡೂವರೆ. ದಾರಿ ಅರ್ಧಕ್ಕಿಂತ ಕಡಿಮೆಯಾಯಿತು, ಸದ್ದು ಜಾಸ್ತಿಯಾಯಿತು. ಗೋಡೆಯ ತೂತನ್ನೇ ದೊಡ್ಡದು ಮಾಡಿಸಬೇಕು, ಬೇರೆ ಉಪಾಯವಿಲ್ಲ.

ಎರಡೂ ತುದಿಗೆ ಕ್ಲ್ಯಾಂಪು ಬಿಗಿದು, ಜಿಡ್ಡು ಪೂರ್ತಿ ಒರೆಸಿದ ಮೇಲೆ ಫಾಯಿಲ್ ಟೇಪು ಸುತ್ತಿ. ಸೆಲ್ಲೋಟೇಪು, ಕರೆಂಟಿನವರ ಕಪ್ಪು ಟೇಪು ಬಿಸಿಗೆ ಬಿಟ್ಟುಕೊಳ್ಳುತ್ತವೆ. ಪೈಪಿನ ಮೇಲೆ ಮಾರ್ಕರ್‌ನಿಂದ ತಿಂಗಳು, ವರ್ಷ ಬರೆದು ಹೊದಿಕೆ ಮುಚ್ಚಿ, ಊದುಬತ್ತಿಯನ್ನು ಮತ್ತೊಮ್ಮೆ ಹಿಡಿದು ನೋಡಿ.

ಚಿಮಣಿ ಸರಿಹೋದ ಮೇಲೆ ಒಂದು ಹೊಸ ತೊಡಕು ಬರಬಹುದು. ಹೊರಗೆ ಹೋದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಕಿಟಕಿಗಳೆಲ್ಲ ಮುಚ್ಚಿದ್ದು, ಬಚ್ಚಲಿನಲ್ಲಿ ಅಥವಾ ಯುಟಿಲಿಟಿಯಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿದ್ದರೆ, ಅದರ ಹೊಗೆಯನ್ನು ಚಿಮಣಿ ಮನೆಯೊಳಕ್ಕೇ ಎಳೆಯುತ್ತದೆ. ಅದರಲ್ಲಿ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅಡುಗೆ ಮಾಡುವಾಗ ಕಿಟಕಿ ಎರಡು ಮೂರು ಇಂಚು ತೆರೆದಿರಲಿ, ಗೀಸರ್ ಮತ್ತು ಚಿಮಣಿ ಒಟ್ಟಿಗೆ ಓಡದಿರಲಿ. ಒಲೆ ಹಚ್ಚುವ ಮೊದಲೇ ಚಿಮಣಿ ಹಾಕಿ, ಒಲೆ ಆರಿಸಿದ ಮೇಲೂ ಹತ್ತು ನಿಮಿಷ ಬಿಡಿ.

ಪೈಪೇ ಇಲ್ಲದ, ಇದ್ದಿಲು ಫಿಲ್ಟರಿನ ಚಿಮಣಿ ನಿಮ್ಮದಾದರೆ ಇದರಲ್ಲಿ ಹೆಚ್ಚಿನದು ಅನ್ವಯಿಸದು. ಅದು ವಾಸನೆಯನ್ನು ಒಂದಿಷ್ಟು ಹೀರಿ ಅದೇ ಗಾಳಿಯನ್ನು ಮುಖಕ್ಕೆ ಊದುತ್ತದೆ. ಗ್ಯಾಸ್ ಒಲೆಯ ಅನಿಲಗಳೂ ಹಬೆಯೂ ಮನೆಯಲ್ಲೇ ಉಳಿಯುತ್ತವೆ. ಇದ್ದಿಲು ತೊಳೆದರೆ ಹೊಸದಾಗುವುದಿಲ್ಲ, ಮೂರರಿಂದ ಆರು ತಿಂಗಳಿಗೊಮ್ಮೆ ಬದಲಿಸಿ, ಜೊತೆಗೆ ಕಿಟಕಿಗೊಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ.