ಟ್ರೆಡ್‌ಮಿಲ್ ಮಾರಿ ಅಕ್ಕಿ ಚೀಲ ಎತ್ತಿದೆ: ಮನ್ಯಾಗ ಜಿಮ್ ಮಾಡ್ಕೊಂಡ ನನ್ನ ಅನುಭವ

ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನ್ಯಾಗ ಲೆಕ್ಕ ಬರಿಯೋನು. ದಿನಾ ಕಣ್ಣೆದುರಿಗೆ ಹಮಾಲ್ರು 75 ಕೆಜಿ ಭತ್ತದ ಚೀಲ ಹೊರ್ತಾರ, ನಾನು ಫ್ಯಾನ್ ಕೆಳಗ ಕುಂತು ಎಣಸ್ತೀನಿ. ಎರಡು ವರ್ಷದ ಹಿಂದ ಡಾಕ್ಟ್ರು ಶುಗರ್ ಬಾರ್ಡರ್‌ನ್ಯಾಗ ಐತಿ, ಸ್ವಲ್ಪ ಮೈ ಬಗ್ಗಿಸ್ರಿ ಅಂದ್ರು. ಎಲ್ಲಾರೂ ಮಾಡೋದನ್ನ ನಾನೂ ಮಾಡ್ದೆ, ಟ್ರೆಡ್‌ಮಿಲ್ ತಂದೆ.

"4 ಎಚ್‌ಪಿ ಮೋಟರ್" ಅಂತ ಡಬ್ಬಿ ಮ್ಯಾಲ ದೊಡ್ಡಕ್ಷರದಾಗ ಇತ್ತು, ಪಕ್ಕದಾಗ ಸಣ್ಣಾಗಿ "ಪೀಕ್" ಅಂತಾನೂ ಇತ್ತು, ಅದನ್ನ ಯಾರು ನೋಡ್ತಾರ. ಪೀಕ್ ಅಂದ್ರ ಒಂದು ಗಳಿಗಿ ಎಳಿಯೋ ತಾಕತ್ತು ಅಷ್ಟ. ಅರ್ಧ ತಾಸು ನಮ್ಮನ್ನ ಹೊತ್ಕೊಂಡು ತಿರಗಾಕ ಕಂಟಿನ್ಯೂಯಸ್ ಎಚ್‌ಪಿ ನೋಡ್ಬೇಕು, ಅದು ಪೀಕ್‌ಗಿಂತ ಬಾಳ ಕಡಿಮಿ ಇರ್ತೈತಿ. ಬೆಲ್ಟ್ ಅಗಲ 40 ಸೆಂಟಿಮೀಟರ್, ನಡಿಯಾಕ ಸಾಕು, ಓಡಾಕ ಹೋದ್ರ ಕಾಲು ಅಂಚಿಗೆ ಬೀಳ್ತಿತ್ತು. ಮ್ಯಾಲ ನನ್ನ ತೂಕ 92, ಇಟ್ಟಿದ್ದು ಮಾಡಿ ಮ್ಯಾಲಿನ ತಗಡಿನ ಖೋಲಿಯಾಗ, ವೋಲ್ಟೇಜ್ ಏರಿಳಿತ ಬ್ಯಾರೆ, ಬೆಲ್ಟ್ ಕೆಳಗ ಸಿಲಿಕೋನ್ ಎಣ್ಣಿ ಬಿಡ್ತಾ ಇರ್ಬೇಕು ಅಂತ ಗೊತ್ತಾಗಿದ್ದು ಬೋರ್ಡ್ ಸುಟ್ಟ ಮ್ಯಾಲ. ಬ್ಯಾಸಿಗಿಯಾಗ ಅವ್ವ ಅದರ ಹಿಡಿಕಿ ಮ್ಯಾಲ ಶಾವಿಗಿ ಒಣ ಹಾಕಿದ್ಲು. 24,000ಕ್ಕ ತಂದಿದ್ದು, ರಿಪೇರಿ ಮಾಡ್ಸಿ 9,000ಕ್ಕ ಕೊಟ್ಟೆ. ನಡಿಯಾಕ ಕಾಲುವಿ ದಂಡಿ ಐತಲ್ಲ, ಅದಕ್ಕ ಕರೆಂಟೂ ಬೇಕಿಲ್ಲ.

ಆಮ್ಯಾಲ ಆನ್‌ಲೈನ್‌ನ್ಯಾಗ ಎತ್ತೋ ತೂಕದ 20 ಕೆಜಿ ಸೆಟ್ ತರಿಸ್ದೆ, ಪಿವಿಸಿ ಪ್ಲೇಟು, ಒಳಗ ಸಿಮೆಂಟ್ ತುಂಬಿರ್ತಾರ. ನಮ್ಮ ಕೈಯಾಗ ಕಾಟಾ ಇರೋದ್ರಿಂದ ಸುಮ್ನ ಕುಂಡ್ರಾಕಾಗ್ಲಿಲ್ಲ, ಮಿಲ್ಲಿಗೆ ಒಯ್ದು ತೂಗಿದ್ರ 5 ಕೆಜಿ ಅಂತ ಬರ್ದಿದ್ದು ಒಂದು 4.4, ಅದರ ಜೋಡಿದು 4.7! ಎಡಗೈಗೊಂದು ತೂಕ ಬಲಗೈಗೊಂದು ತೂಕ. ಭತ್ತದಾಗ ಹಿಂಗ ಮಾಡಿದ್ರ ರೈತ್ರು ನಮ್ಮನ್ನ ಬಿಡ್ತಿದ್ರೇನ್ರಿ. ಮೂರನೇ ತಿಂಗಳಿಗೆ ಒಂದು ಪ್ಲೇಟ್ ಕೈ ಜಾರಿ ಬಿದ್ದು ಸೀಳಿ ಸಿಮೆಂಟ್ ಪುಡಿ ಸೋರಾಕ ಹತ್ತಿತು, ಕೆಳಗ ಶಾಬಾದಿ ಕಲ್ಲೂ ಬಿರುಕು ಬಿಡ್ತು.

ಆಗ ಬುದ್ಧಿ ಕಲಿಸಿದ್ದು ನಮ್ಮ ಹಮಾಲ್ರ ಮೇಸ್ತ್ರಿ ಕಾಕಾ. ಚೀಲ ಎತ್ತೋದು ಹೆಂಗ ತೋರ್ಸು ಕಾಕಾ ಅಂದೆ. "ಬೆನ್ನು ಬಗ್ಗಿಸಬ್ಯಾಡ್ರಿ ಸರ, ಕುಂಡಿ ಹಿಂದಕ್ಕ ಒಯ್ರಿ, ಚೀಲ ಹೊಟ್ಟಿಗೆ ಹಚ್ಚಿ ಕಾಲಿಲೆ ಏಳ್ರಿ" ಅಂದ. ಜಿಮ್ಮಿನ್ಯಾಗ ಡೆಡ್‌ಲಿಫ್ಟ್ ಅಂತ ರೊಕ್ಕ ತಗೊಂಡು ಕಲಿಸೋದೂ ಇದ್ನ. 2022ರ ಜುಲೈದಾಗ 25 ಕೆಜಿ ತನಕದ ಪ್ಯಾಕಿಗೆ 5% ಜಿಎಸ್‌ಟಿ ಬಂದ ಮ್ಯಾಲ 26 ಕೆಜಿ ಚೀಲ ಬಂದಾವಲ್ಲ, ಮನ್ಯಾಗ ಅಂಥಾವು ಎರಡು ಇದ್ದು. ಒಂದನ್ನ ಎದಿಗೆ ಅಪ್ಪಿ ಕುಂತು ಎದ್ದೆ, ಅಂಗಳದಾಗ ಹೊತ್ಕೊಂಡು ತಿರಗಿದೆ. ಎರಡು ತಿಂಗಳು ಒಂದು ರೂಪಾಯಿ ಖರ್ಚಿಲ್ಲ, ಬಿಡದ ಮಾಡ್ದೆ. ಸಾಮಾನು ತಗೊಳ್ಳೋದು ಆಮ್ಯಾಲ ಅಂತ ಅವತ್ತು ಗಟ್ಟಿ ಮಾಡ್ಕೊಂಡೆ.

ಹೊಸಪೇಟಿಯಾಗ ಒಂದು ಜಿಮ್ ಮುಚ್ಚಾಕ ಹತ್ತಿದ್ರು, ಬೀಡು ಕಬ್ಬಿಣದ ಪ್ಲೇಟು ಕೆಜಿಗೆ 80 ರೂಪಾಯಿ ಅಂದ್ರು. ತಗೊಳ್ಳೋರಿಗೆ ಒಂದು ಮಾತು, ಟೇಪ್ ತಗೊಂಡು ಹೋಗ್ರಿ. ದೊಡ್ಡ ಜಿಮ್ಮಿನ ಒಲಿಂಪಿಕ್ ರಾಡಿನ ಪ್ಲೇಟಿಗೆ ತೂತು 50 ಮಿಲಿಮೀಟರ್, ಮನಿ ಸೆಟ್ಟಿನ ರಾಡು 28ರ ಆಜುಬಾಜು. ದೊಡ್ಡ ತೂತಿಂದು ಸಣ್ಣ ರಾಡಿಗೆ ಹಾಕಿದ್ರ ಗಡಗಡ ಅಂತ ಅಳ್ಳಾಡ್ತೈತಿ, ಸಣ್ಣದು ದೊಡ್ಡದಕ್ಕ ಹೋಗೂದ ಇಲ್ಲ. ನನ್ನ ಖೋಲಿ ಒಂಬತ್ತಡಿ ಅಗಲ, ಒಲಿಂಪಿಕ್ ರಾಡು ಏಳಡಿ ಮ್ಯಾಲ, ಬರೇ ರಾಡ 20 ಕೆಜಿ. ಪ್ಲೇಟ್ ಹಾಕಾಕ ಎರಡೂ ಕಡೆ ಒಂದಡೀನೂ ಉಳಿಯಂಗಿಲ್ಲ, ಅದಕ್ಕ ಐದಡಿದು ತಗೊಂಡೆ, ಅದಕ್ಕ ಕೂಡೋ ಸಣ್ಣ ತೂತಿನ ಪ್ಲೇಟು 50 ಕೆಜಿ, ಎರಡು ಡಂಬೆಲ್ ರಾಡು. ಪ್ಲೇಟ್ ಜಾರದಂಗ ಹಿಡಿಯೋ ಲಾಕ್ ಮಾತ್ರ ತಿರುಪಿಂದು, ಸ್ಪ್ರಿಂಗ್ ಕ್ಲಿಪ್ಪು ಹಳೇದಾದಂಗ ಸಡ್ಲ ಆಗ್ತಾವು.

ನೆಲಕ್ಕ ಜಿಮ್ ಮ್ಯಾಟ್ ರೇಟ್ ಕೇಳಿ ತಲಿ ತಿರಗಿತು. ದನದ ಕೊಟ್ಟಿಗಿಗೆ ಹಾಸ್ತಾರಲ್ಲ ದಪ್ಪ ರಬ್ಬರ್ ಮ್ಯಾಟು, ಅದನ್ನ ತಂದು ಹಾಸಿದೆ. ಎಮ್ಮಿ ನಿಂತ್ರ ಏನೂ ಆಗಂಗಿಲ್ಲ ಅಂದ್ರ ನನ್ನ 40 ಕೆಜಿ ಯಾವ ಲೆಕ್ಕ. ಮೊದಲ ವಾರ ರಬ್ಬರ್ ವಾಸನಿಗೆ ಮನ್ಯಾಕಿ ಬೈದ್ಲು, ಬಿಸಲಿಗೆ ಹಾಕಿ ತೊಳದ್ಮ್ಯಾಲ ಹೋತು.

ಬೆಂಚ್ ಒಂದಕ್ಕ ಹಿಂದಮುಂದ ನೋಡದ ರೊಕ್ಕ ಕೊಟ್ಟೆ, ಯಾಕಂದ್ರ ಅದು ಮುರಿದ್ರ ರಾಡು ಎದಿ ಮ್ಯಾಲ. 200 ಕೆಜಿ ತಾಳ್ತೈತಿ ಅಂತ ಬರ್ದಿದ್ರ ಅದರಾಗ ನಮ್ಮ ಮೈ ತೂಕಾನೂ ಸೇರೇತಿ, ಲೆಕ್ಕ ಹಾಕ್ರಿ. ಅಂಗಡ್ಯಾಗ ಮಕ್ಕೊಂಡು ಕಾಲು ನೆಲಕ್ಕ ಪೂರ್ತಿ ಹತ್ತತಾವೋ ಇಲ್ಲೋ ನೋಡಿದೆ, ಅಂಗಡಿಯವ ನಕ್ಕ, ನಗ್ಲಿ. ಎಳದು ಕಸರತ್ತು ಮಾಡೋ ರಬ್ಬರ್ ಬ್ಯಾಂಡು ಒಂದು ಸೆಟ್ ಐತಿ, ಸೆಕಿಗೆ ಒಂದು ಬಿರುಕು ಬಿಟ್ಟೈತಿ.

ಈಗ ಎಲ್ಲಾ ಕೆಳಗಿನ ಖೋಲಿಯಾಗ, ಮುಂಜಾನಿ ಐದೂವರಿಗೆ ವಾರಕ್ಕ ಮೂರು ದಿನ. ತೂಕ 84 ಆಗೇತಿ. ರಾಡು ಇಡಾಕ ರ‍್ಯಾಕ್ ಬೇಕು ಅನ್ನಿಸ್ತೈತಿ, ವೆಲ್ಡಿಂಗ್ ಅಂಗಡಿಯವನಿಗೆ ಅಳತಿ ಕೊಟ್ಟೀನಿ, ಅವ ಗೇಟಿಗೆ ಹಾಕೋ ಪೈಪ್ ಸಾಕ್ರಿ ಅಂತಾನ, ನಾನು ದಪ್ಪ ಪೈಪಿಂದ ಬೇಕು ಅಂತ ಕುಂತೀನಿ.