ನಾಣ್ಯ ಸಂಗ್ರಹಕ್ಕೆ ಕಸುಬಿನ ಕಣ್ಣು: ಯಾವ ಉದ್ಯೋಗದವರು ಏನನ್ನು ಬಳಸಿಕೊಳ್ಳಬಹುದು

ನಾಣ್ಯದ ದರ್ಜೆ ಹೇಳಲು ಇಂದು ಬಳಕೆಯಲ್ಲಿರುವ 1ರಿಂದ 70ರ ಅಳತೆಗೋಲಿನ ಮೂಲವನ್ನು 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗಾಗಿ ರೂಪಿಸಿದ ವಿಲಿಯಂ ಶೆಲ್ಡನ್ ವೃತ್ತಿಯಿಂದ ಮನಶ್ಶಾಸ್ತ್ರಜ್ಞ. ಗ್ಲಾಸ್ಗೋದ ಹಂಟೇರಿಯನ್ ಮ್ಯೂಸಿಯಮ್ಮಿನ ನಾಣ್ಯರಾಶಿಯನ್ನು ಕೂಡಿಹಾಕಿದ ವಿಲಿಯಂ ಹಂಟರ್ ಹೆರಿಗೆ ವೈದ್ಯ. ಜೇಮ್ಸ್ ಪ್ರಿನ್ಸೆಪ್ ಟಂಕಸಾಲೆಯಲ್ಲಿ ಲೋಹದ ಮಟ್ಟ ಪರೀಕ್ಷಿಸುತ್ತಿದ್ದವನು. ಪ್ರಾಚೀನ ಖರೋಷ್ಠಿ ಲಿಪಿಯನ್ನು ಬಿಡಿಸಲು ಅವನಿಗೆ ದಾರಿ ತೋರಿದ್ದು ಎರಡು ಲಿಪಿಗಳಿರುವ ಇಂಡೋ-ಗ್ರೀಕ್ ನಾಣ್ಯಗಳು. ಪ್ರತಿ ಕಸುಬೂ ಒಂದು ಕಣ್ಣನ್ನು ಕೊಡುತ್ತದೆ, ಜೊತೆಗೆ ಒಂದು ಕೈಚಾಳಿಯನ್ನೂ ಅಂಟಿಸುತ್ತದೆ. ನಾಣ್ಯದ ಮುಂದೆ ಕೂತಾಗ ಬೇಕಾದದ್ದು ಕಣ್ಣು. ಕೈಚಾಳಿಯಿಂದ ನಾಣ್ಯ ಕೆಡುತ್ತದೆ.

ಲೇತ್, ಪ್ರೆಸ್, ಅಚ್ಚುಗಳ ನಡುವೆ ದುಡಿಯುವವರಿಗೆ ಈ ಹವ್ಯಾಸದಲ್ಲಿ ಎಲ್ಲರಿಗಿಂತ ಹೆಚ್ಚಿನ ಅನುಕೂಲವಿದೆ, ಏಕೆಂದರೆ ನಾಣ್ಯವೂ ಪ್ರೆಸ್ಸಿನಿಂದ ಬಂದ ಮಾಲೇ. ಭೂತಗನ್ನಡಿಯಡಿ ಗೆರೆಯೊಂದು ಕಂಡರೆ ಮೊದಲು ಕೇಳಿಕೊಳ್ಳಬೇಕಾದದ್ದು: ಅದು ಉಬ್ಬಿದೆಯೋ, ತಗ್ಗಿದೆಯೋ? ಅಚ್ಚಿನಲ್ಲಿ ಬಿರುಕು ಬಿಟ್ಟಿದ್ದರೆ ಲೋಹ ಅದರೊಳಗೆ ನುಗ್ಗುತ್ತದೆ, ನಾಣ್ಯದ ಮೇಲೆ ಉಬ್ಬುಗೆರೆ ಮೂಡುತ್ತದೆ. ತಗ್ಗಿದ ಗೆರೆ ಸಾಮಾನ್ಯವಾಗಿ ಆಮೇಲೆ ಬಿದ್ದ ಗೀರು. ಅಂಚು ತುಂಡಾದ ನಾಣ್ಯ ಸಿಕ್ಕರೆ, ತುಂಡಾದ ಜಾಗದ ನೇರ ಎದುರಿನ ದಂಡೆಯನ್ನು, ಅಂದರೆ ಸುತ್ತಲಿನ ಉಬ್ಬಿದ ಅಂಚನ್ನು ನೋಡಿ. ಅಚ್ಚೊತ್ತುವ ಮುಂಚಿನ ಖಾಲಿ ಬಿಲ್ಲೆ ಕತ್ತರಿಸುವಾಗಲೇ ತುಂಡಾಗಿದ್ದರೆ, ದಂಡೆ ಎಬ್ಬಿಸುವ ಯಂತ್ರದಲ್ಲಿ ಆ ಕಡೆಗೆ ಸರಿಯಾದ ಒತ್ತಡ ಸಿಕ್ಕಿರುವುದಿಲ್ಲ. ಹಾಗಾಗಿ ಅಲ್ಲಿ ದಂಡೆ ಮಂಕಾಗಿರುತ್ತದೆ. ಆಮೇಲೆ ಅರ ಹಾಕಿ ಮಾಡಿದ ಕೃತಕ ತುಂಡಿನ ಎದುರು ದಂಡೆ ಗಟ್ಟಿಯಾಗಿಯೇ ಉಳಿದಿರುತ್ತದೆ. ಅಚ್ಚೊತ್ತಿರಬೇಕಾದ ನಾಣ್ಯದ ಅಂಚಿನ ಸುತ್ತ ಬೆಸುಗೆಯಂಥ ಗೆರೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು, ಕರಗಿದಂತಿರುವ ಅಕ್ಷರಗಳು ಕಂಡರೆ ಅದು ಎರಕದ ನಕಲಿ ಎಂದು ಶಂಕಿಸಿ. ಒಂದೇ ಗೀರು, ಒಂದೇ ಜಾಗದಲ್ಲಿ, ಎರಡು ಮೂರು ನಾಣ್ಯಗಳ ಮೇಲಿದ್ದರೆ ಅಸಲಿ ನಾಣ್ಯವೊಂದರಿಂದ ನಕಲಿ ಅಚ್ಚು ತೆಗೆದಿರುವ ಸಾಧ್ಯತೆ ದೊಡ್ಡದು. ವ್ಯಾಸ ಅಳೆಯಲು ಕಾರ್ಖಾನೆಯ ಉಕ್ಕಿನ ವರ್ನಿಯರ್ ತರಬೇಡಿ, ಪ್ಲಾಸ್ಟಿಕ್ಕಿನದು ಸಾಕು. ಎಣ್ಣೆಗೈ, ತಂತಿ ಬ್ರಷ್, ತುಕ್ಕು ಬಿಡಿಸುವ ಸ್ಪ್ರೇ ಕಾರ್ಖಾನೆಯಲ್ಲೇ ಇರಲಿ.

ಅಕ್ಕಸಾಲಿಗರಿಗೂ ಪ್ರಯೋಗಾಲಯದವರಿಗೂ ತೂಕದ ಮೇಲೆ ಹಿಡಿತವಿರುತ್ತದೆ. ಆದರೆ ಒರೆಗಲ್ಲು, ಆಮ್ಲ ಎರಡೂ ಬೇಡ. ಒಂದು ಸಲ ಉಜ್ಜಿದ ನಾಣ್ಯ ಮತ್ತೆ ಮೊದಲಿನಂತಾಗದು. ಬದಲಿಗೆ ಸಾಂದ್ರತೆ ನೋಡಿ. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಒಣ ನಾಣ್ಯವನ್ನು ತೂಗಿ ಬರೆದಿಡಿ. ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತನ್ನಿ. ತೆಳು ನೈಲಾನ್ ದಾರದಲ್ಲಿ ನಾಣ್ಯ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ. ಈಗ ತೋರುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಶೇ. 91.7 ಬೆಳ್ಳಿ, ಉಳಿದದ್ದು ತಾಮ್ರವಿರುವ 11.66 ಗ್ರಾಂ ನಾಣ್ಯ ನೀರಿನಲ್ಲಿ 1.13 ತೋರಿಸಬೇಕು, ಅಂದರೆ ಸುಮಾರು 10.3. ಅದೇ ತೂಕದ ತಾಮ್ರ-ನಿಕ್ಕಲ್ ನಕಲಿ 1.31ರ ಹತ್ತಿರ ಬರುತ್ತದೆ, ಲೆಕ್ಕ 8.9ಕ್ಕೆ ಇಳಿಯುತ್ತದೆ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದ್ದರೆ ಅಂಕಿ ಏರಿ, ಅಸಲಿಯೂ ನಕಲಿಯಂತೆ ಕಾಣುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿದರೆ ಗುಳ್ಳೆ ನಿಲ್ಲುವುದಿಲ್ಲ. ಒಂದು ಗ್ರಾಂ ತೂಗುವ ಪುಟ್ಟ ನಾಣ್ಯಗಳಿಗೆ ಈ ವಿಧಾನ ಕೂಡದು: ನೀರಿನ ಅಂಕಿಯೇ 0.10ರ ಆಸುಪಾಸು ಇರುವಾಗ 0.01ರ ತಪ್ಪು ಹತ್ತನೇ ಒಂದು ಪಾಲಾಗುತ್ತದೆ. ಚಿನ್ನಕ್ಕೆ (19.32) ಇನ್ನೊಂದು ತೊಡಕಿದೆ. ಟಂಗ್‌ಸ್ಟನ್ನಿನ ಸಾಂದ್ರತೆ 19.25, ಹೊಟ್ಟೆಯೊಳಗೆ ಅದನ್ನು ತುಂಬಿದ್ದರೆ ತಕ್ಕಡಿಗೆ ಗೊತ್ತಾಗುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ನಾಣ್ಯವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ, ಉಜ್ಜದೆ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಿ.

ರಸಾಯನಶಾಸ್ತ್ರ ಬಲ್ಲವರು ಮನೆಯಲ್ಲಿರುವ ಪ್ಲಾಸ್ಟಿಕ್ ಕವರುಗಳ ಜಾತಿಯನ್ನೂ ಪತ್ತೆ ಹಚ್ಚಬಹುದು. ಮೆತ್ತನೆಯ ಪಿವಿಸಿ ಕವರು ವರ್ಷಗಳು ಕಳೆದಂತೆ ನಾಣ್ಯದ ಮೇಲೆ ಹಸಿರು ಅಂಟನ್ನು ಬಿಡುತ್ತದೆ. ತಾಮ್ರದ ತಂತಿಯನ್ನು ಜ್ವಾಲೆಯಲ್ಲಿ ಹಸಿರು ಬಣ್ಣ ಬರುವುದು ನಿಲ್ಲುವವರೆಗೆ ಕಾಯಿಸಿ, ಬಿಸಿಯಿದ್ದಾಗಲೇ ಕವರಿನ ಚೂರಿಗೆ ಮುಟ್ಟಿಸಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಹಸಿರು ಎದ್ದರೆ ಅದರಲ್ಲಿ ಕ್ಲೋರಿನ್ ಇದೆ. ಅಂಥ ಕವರು ಎಸೆಯಿರಿ. ಹೊಗೆ ಒಳ್ಳೆಯದಲ್ಲ, ಕಿಟಕಿ ತೆರೆದಿಡಿ. ಆಗಲೇ ಅಂಟು ಕೂತಿದ್ದರೆ ಗಾಜಿನ ಬಟ್ಟಲಿನಲ್ಲಿ ಶುದ್ಧ ಅಸಿಟೋನ್ ಹಾಕಿ ಕೆಲವು ನಿಮಿಷ ನೆನೆಸಿ, ಹೊಸ ಅಸಿಟೋನಿನಲ್ಲಿ ಇನ್ನೊಮ್ಮೆ ಅದ್ದಿ ತೆಗೆಯಿರಿ. ಈ ಎರಡು ಕೆಲಸಗಳನ್ನು ಒಂದೇ ಕೋಣೆಯಲ್ಲಿ ಮಾಡಬೇಡಿ, ಅಸಿಟೋನ್ ಬೆಂಕಿಗೆ ಕಾದಿರುತ್ತದೆ. ಉಗುರು ಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ಸುಗಂಧ ಬೆರೆತಿರಬಹುದು, ಅದು ಬದಲಿಯಲ್ಲ.

ಮರಗೆಲಸದವರು ಪೆಟ್ಟಿಗೆ ತಾವೇ ಮಾಡಿಕೊಳ್ಳಬಹುದು ನಿಜ, ಆದರೆ ಮರದ ಆಯ್ಕೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಓಕ್ ಮರ ಬಿಡುವ ಆಮ್ಲದ ಆವಿ ಸೀಸವನ್ನು ತಿನ್ನುತ್ತದೆ. ಪ್ಲೈವುಡ್, ಎಂಡಿಎಫ್ ಹಲಗೆಗಳ ಅಂಟೂ ಆವಿ ಬಿಡುತ್ತದೆ. ಹಳೆಯ ನಾಣ್ಯಪೆಟ್ಟಿಗೆಗಳನ್ನು ಮಹಾಗನಿಯಲ್ಲಿ ಮಾಡುತ್ತಿದ್ದರು. ಅರೆಗಳಿಗೆ ಉಣ್ಣೆ ಬಟ್ಟೆ ಹಾಸಬೇಡಿ, ರಬ್ಬರ್ ಬ್ಯಾಂಡ್ ಹಾಕಬೇಡಿ. ಎರಡರಲ್ಲೂ ಇರುವ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ವೈದ್ಯರು, ನರ್ಸ್‌ಗಳು ಜೇಬಿನಲ್ಲೇ ಇರುವ ಲೇಟೆಕ್ಸ್ ಕೈಗವಸನ್ನು ತೊಡುವುದೂ ಇದೇ ಕಾರಣಕ್ಕೆ ತಪ್ಪು. ಪುಡಿಯಿಲ್ಲದ ನೈಟ್ರೈಲ್ ಕೈಗವಸು ಆಗುತ್ತದೆ. ದಂತವೈದ್ಯರ ತಲೆಗೆ ಕಟ್ಟುವ ಭೂತಗನ್ನಡಿ ನಿಜಕ್ಕೂ ಹೊಟ್ಟೆಕಿಚ್ಚು ಹುಟ್ಟಿಸುವಂಥದ್ದು, ಆದರೆ ಅವರ ಅಲ್ಟ್ರಾಸೋನಿಕ್ ತೊಟ್ಟಿಯೊಳಗೆ ನಾಣ್ಯ ಹಾಕಿದರೆ ನಡುಗಿ ಒಂದಕ್ಕೊಂದು ಬಡಿದು ಗಾಯವಾಗುತ್ತದೆ.

ಬ್ಯಾಂಕಿನ ಕ್ಯಾಷಿಯರ್, ಬಸ್ ಕಂಡಕ್ಟರ್, ಅಂಗಡಿ ಗಲ್ಲೆಯಲ್ಲಿ ಕೂರುವವರ ಕೈಯಲ್ಲಿ ದಿನಕ್ಕೆ ನೂರಾರು ನಾಣ್ಯ ಓಡಾಡುತ್ತವೆ. ಎಲ್ಲವನ್ನೂ ನೋಡಲು ಹೋದರೆ ಕೆಲಸ ಕೆಡುತ್ತದೆ. ತಿಂಗಳಿಗೆ ಒಂದೇ ಗುರಿ ಇಟ್ಟುಕೊಳ್ಳಿ, ಉದಾಹರಣೆಗೆ ಅಚ್ಚು ತಿರುಗಿರುವವು. ನಾಣ್ಯವನ್ನು ಮೇಲೆ-ಕೆಳಗೆ ಹಿಡಿದು ಹೊರಳಿಸಿದಾಗ ಹಿಂಬದಿ ಓರೆಯಾಗಿ ಕಂಡರೆ ಅದು ಪಕ್ಕಕ್ಕೆ. ಮುಖಬೆಲೆ ಕೊಟ್ಟು ಬದಲಾಯಿಸಿಕೊಳ್ಳಲೂ ಮೇಲಿನವರ ಅನುಮತಿ ಮೊದಲೇ ಪಡೆಯಿರಿ, ಸಾಧ್ಯವಾದರೆ ಬರಹದಲ್ಲಿ. ಮ್ಯೂಸಿಯಂ ನೌಕರರಿಗೆ ನಿಯಮ ಇನ್ನೂ ಬಿಗಿ: ತಮ್ಮ ಸಂಸ್ಥೆ ಕೊಳ್ಳಬಯಸುವ ವಸ್ತುವಿಗೆ ತಾವೇ ಪೈಪೋಟಿಗಿಳಿಯಬಾರದು.

ಇತಿಹಾಸದ ಮೇಷ್ಟ್ರುಗಳಿಗೆ ಇಸವಿ ಲೆಕ್ಕ ಸುಲಭ. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿ; 1204 ಇದ್ದರೆ 1789-90 ಬರುತ್ತದೆ. ಶಕ ವರ್ಷಕ್ಕೆ 78 ಕೂಡಿಸಿದರಾಯಿತು.

ಛಾಯಾಗ್ರಾಹಕರು ಸ್ಟುಡಿಯೋದ ದೊಡ್ಡ ಮೆತ್ತನೆ ಬೆಳಕನ್ನು ಮರೆಯಬೇಕು. ಅದರಲ್ಲಿ ನಾಣ್ಯ ಸಪ್ಪೆಯಾಗುತ್ತದೆ. ಚಿಕ್ಕ ದೀಪಗಳೆರಡನ್ನು ಗಡಿಯಾರದ 10 ಮತ್ತು 2ರ ಜಾಗದಲ್ಲಿ ಎತ್ತರಕ್ಕಿಡಿ. ಹೊಳಪಿನ ನಾಣ್ಯಕ್ಕಾದರೆ ಅದರ ಮೇಲೆ 45 ಡಿಗ್ರಿ ಓರೆಯಲ್ಲಿ ಗಾಜು ಹಿಡಿದು, ಪಕ್ಕದಿಂದ ಅಡ್ಡಲಾಗಿ ಬೆಳಕು ಬಿಡಿ. ದೀಪದ ನೇರ ಬೆಳಕು ನಾಣ್ಯಕ್ಕೆ ಬೀಳದಂತೆ ಕಪ್ಪು ರಟ್ಟು ಅಡ್ಡ ಇಡಿ. ಕ್ಯಾಮೆರಾ ಗಾಜಿನ ಮೂಲಕ ನೇರ ಕೆಳಗೆ ನೋಡಲಿ. ಫೋಟೋ ಕಡತಕ್ಕೆ ಹೆಸರಿಡುವಾಗ ನಾಣ್ಯದ ಪಟ್ಟಿ ಸಂಖ್ಯೆ, ತೂಕ, ಕೊಂಡ ತಾರೀಖು ಅದರಲ್ಲೇ ಸೇರಲಿ. ಲೆಕ್ಕಪತ್ರದ ಕೆಲಸದವರು ಇದನ್ನು ಹೇಗೂ ಮಾಡುತ್ತಾರೆ, ಮಿಕ್ಕವರು ಐವತ್ತನೇ ನಾಣ್ಯ ದಾಟುವ ಮುಂಚೆಯೇ ಶುರುಮಾಡುವುದು ಲೇಸು.